ಲಟ್ಟಣಿಗೆ ಚಕ್ರದ ಲಾರಿ

ಪಂಕಜಾ ಆಂಟಿಯ ಬಲಗಾಲು ಸದಾ ಬ್ರೇಕ್ ಒತ್ತುತ್ತಿತ್ತು. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರೂ ಅಷ್ಟೇ. ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಯಾರಾದರೂ ಬೈಕನ್ನು ಜೋರಾಗಿ ತಿರುಗಿಸಿದರೆ ಅವರ ಹವಾಯಿ ಚಪ್ಪಲಿ ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. ಹೆಂಗಸರಿಗೆ ಕಾರು ಕಲಿಸುವುದರಲ್ಲೇ ಅವರ ಆಯಸ್ಸು ಕಳೆದಿತ್ತು. ಕಲಿಯುವವರ ಪಕ್ಕ ಕೂತು, ತಮ್ಮ ಕಡೆಗಿದ್ದ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇದ್ದವರು. "ಹೆದರ್ಕೊಂಡ್ರೂ ಪರವಾಗಿಲ್ಲ, ಕಣ್ ಮಾತ್ರ ಮುಚ್ಬೇಡ" ಎಂದು ಎಲ್ಲರಿಗೂ ಹೇಳುತ್ತಿದ್ದರಂತೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಕೆಳಗಿನ ಮನೆ ಅವರದು. ಮೇಲಿನದರಲ್ಲಿ ನಾನು ಮತ್ತು ನನ್ನ ಗಂಡ ಮಹೇಶ ಬಾಡಿಗೆಗೆ ಇದ್ದೆವು.

ಏಳನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದವರೆಲ್ಲ, "ಇನ್ನೂ ವಯಸ್ಸಿದೆ, ಇನ್ನೊಂದಾಗತ್ತೆ ಬಿಡು" ಎಂದರು. ನಾನು ಹೂಂ ಅಂದೆ. ಅಳು ಬರಲಿಲ್ಲ. ಒಂದು ದಿನ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿದ್ದುದನ್ನು ಸುಮ್ಮನೆ ನಿಂತು ನೋಡುತ್ತಿದ್ದೆ. ಮಹೇಶ ಬಂದು ಒಲೆ ಆರಿಸಿದ.

ಪಂಕಜಾ ಆಂಟಿ ಮಾತ್ರ ನೋಡಲು ಬಂದಿರಲಿಲ್ಲ. ಒಂದು ಮಧ್ಯಾಹ್ನ ಕೆಳಗಿನಿಂದಲೇ ಕೂಗಿದರು.

"ಸುಮಾ, ಸ್ವಲ್ಪ ಇಳಿದು ಬಾರೇ. ಇದನ್ನ ಹಿಡ್ಕೊಳ್ಳೋಕೆ ಒಬ್ರು ಬೇಕು."

ಪಕ್ಕದಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುತ್ತಿದ್ದರು. ಆಂಟಿ ಅಲ್ಲಿನ ಮೇಸ್ತ್ರಿಯನ್ನು ಕೇಳಿ, ಸೆಂಟ್ರಿಂಗ್ ಹಲಗೆಯ ತುಂಡುಗಳನ್ನು ತಂದು ಗೇಟಿನೊಳಗೆ ರಾಶಿ ಹಾಕಿದ್ದರು. ಮರದ ತುಂಬ ಸಿಮೆಂಟು ಮೆತ್ತಿತ್ತು.

"ಏನ್ ಮಾಡ್ತಿದೀರ ಆಂಟಿ?"

"ಲಾರಿ."

"ಯಾರಿಗೆ?"

"ಮೊದ್ಲು ಹಿಡ್ಕೋ."

ಹಲಗೆಯನ್ನು ಮೆಟ್ಟಿಲ ಮೇಲೆ ಒತ್ತಿ ಹಿಡಿದೆ. ಅವರು ಗರಗಸ ಎಳೆದಾಗ ಅದರ ನಡುಕ ನನ್ನ ಮೊಣಕೈವರೆಗೆ ಬಂತು. ಅವರಿಗೆ ಮರಗೆಲಸ ಬರುತ್ತಲೇ ಇರಲಿಲ್ಲ. ಪೆನ್ಸಿಲ್ ಗೀಟು ಒಂದು ಕಡೆ, ಗರಗಸ ಇನ್ನೊಂದು ಕಡೆ. "ಥೂ, ಸ್ಟೇರಿಂಗ್ ಎಡಕ್ಕೇ ಎಳೀತಾ ಇದೆ ಕಣೇ" ಎಂದು ಗರಗಸವನ್ನು ಬೈದರು. ಉದ್ದದ ಹಲಗೆ ಲಾರಿಯ ತಳವಾಯಿತು. ಮುಂದೆ ದಪ್ಪದ ತುಂಡೊಂದನ್ನು ಕೂರಿಸಿ ಮೊಳೆ ಹೊಡೆದರು, ಹಿಂದೆ ಸುತ್ತಲೂ ಪಟ್ಟಿ ಕಟ್ಟಿದರು. ಚಕ್ರಕ್ಕೆಂದು ತಮ್ಮ ಹಳೆ ಲಟ್ಟಣಿಗೆಯನ್ನೇ ಬಿಲ್ಲೆ ಬಿಲ್ಲೆಯಾಗಿ ಕೊಯ್ದರು. ಮೊಳೆಯನ್ನು ಗ್ಯಾಸಿನ ಮೇಲೆ ಕಾಯಿಸಿ ಬಿಲ್ಲೆಗಳಿಗೆ ತೂತು ಸುಟ್ಟು, ಸೈಕಲ್ ಕಡ್ಡಿ ತೂರಿಸಿದರು. ಕೆಲವು ಮಧ್ಯಾಹ್ನಗಳು ಹೀಗೇ ಹೋದವು. ಅವರು ಮಗುವಿನ ಮಾತೆತ್ತಲಿಲ್ಲ. ಸ್ಯಾಂಡ್‌ಪೇಪರ್ ಕೊಟ್ಟು "ಉಜ್ಜು" ಅನ್ನುತ್ತಿದ್ದರು. ನಾನು ಉಜ್ಜುತ್ತಿದ್ದೆ.

ಸ್ಕೂಟರ್ ಹತ್ತಿಸುವ ಇಳಿಜಾರಿನ ಮೇಲಿಂದ ಲಾರಿಯನ್ನು ಬಿಟ್ಟೆವು. ಅದು ಕುಂಟುತ್ತ ಹೋಗಿ ಮೋರಿಯ ಅಂಚಿನಲ್ಲಿ ಮಗುಚಿಕೊಂಡಿತು. ನಾನು ಹೋಗಿ ಎತ್ತಿಕೊಂಡು ಬಂದೆ.

"ತೂತು ನಡುಮಧ್ಯೆ ಇಲ್ಲ ಆಂಟಿ, ಅದಕ್ಕೇ."

ಯಾರೂ ಕೇಳದೆ ನಾನಾಗಿ ಮಾತಾಡಿ ಎಷ್ಟೋ ದಿನವಾಗಿತ್ತು. ಅವರು ಮೊಳೆ, ಇಕ್ಕಳ ಎರಡನ್ನೂ ನನ್ನ ಕೈಗೆ ಕೊಟ್ಟರು. "ಹಂಗಾದ್ರೆ ನೀನೇ ಮಾಡು."

ಉಳಿದ ಲಟ್ಟಣಿಗೆಯಿಂದ ಹೊಸ ಚಕ್ರಗಳನ್ನು ಮಾಡಿದೆ. ಈ ಸಲ ಲಾರಿ ನೆಟ್ಟಗೆ ರಸ್ತೆ ದಾಟಿ ಎದುರುಮನೆಯ ಕಾಂಪೌಂಡಿಗೆ ಬಡಿಯಿತು.

"ಪಾಸ್" ಅಂದರು.

"ಯಾರಿಗೆ ಆಂಟಿ ಇದು?"

"ಯಾರಿಗೂ ಅಲ್ಲ. ನೀನು ಮೇಲೆ ಇಡೀ ದಿನ ಓಡಾಡೋದು ನಂಗೆ ಕೆಳಗೆ ಕೇಳಿಸ್ತಿತ್ತು. ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ."

ಲಾರಿಯನ್ನು ಅವರು, ಪಕ್ಕದ ಕಟ್ಟಡದ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದಿದ್ದ ಹೆಂಗಸಿನ ಮಗಳಿಗೆ ಕೊಟ್ಟರು. ಆ ಹುಡುಗಿ ಅದಕ್ಕೆ ದಾರ ಕಟ್ಟಿ ಮರಳಿನ ಮೇಲೆ ಎಳೆದಾಡಿದಳು. ಮೇಲಿನಿಂದ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಕಿಟಕಿ ಹಾಕಿಕೊಂಡೆ.

ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಅವರ ತಮ್ಮ ಬಂದು ಕೆಂಗೇರಿಯ ತನ್ನ ಮನೆಗೆ ಕರೆದುಕೊಂಡು ಹೋದ. ಒಂದು ಭಾನುವಾರ ಮೆಟ್ರೋ ಹತ್ತಿ ನೋಡಲು ಹೋದೆ. ಆಂಟಿ ದಿಂಬಿಗೆ ಒರಗಿ ಕೂತಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ತಮ್ಮನ ಹೆಂಡತಿ ಕಾಫಿ ಮಾಡಲು ಒಳಗೆ ಹೋದಾಗ ಏನೋ ಕೇಳಿದರು. ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದರು.

"ಹೆಣ್ಣಾ, ಗಂಡಾ?"

"ಹೆಣ್ಣು ಆಂಟಿ."

"ಹೆಸ್ರು?"

ಅದನ್ನು ಯಾರೂ ಕೇಳಿರಲಿಲ್ಲ. ಹೋದ ಮಗುವಿಗೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು. ಮಹೇಶನಿಗೂ ಹೇಳಿರಲಿಲ್ಲ.

"ಮೃದುಲಾ ಅಂತ ಅಂದ್ಕೊಂಡಿದ್ದೆ."

ಅವರು ಹೇಳಲು ನೋಡಿದರು. ನಾಲಿಗೆ ಹೊರಳಲಿಲ್ಲ. ತುಟಿ ಒರೆಸಿಕೊಂಡು ಮತ್ತೆ ಶುರುಮಾಡಿದರು. ಕಾಫಿ ಬರುವ ಹೊತ್ತಿಗೆ ಹೆಸರು ಪೂರ್ತಿ ಬಂತು. ನಾನು ಕಾಫಿ ಕುಡಿದು ಎದ್ದೆ.

ಕೆಲವೇ ವಾರಗಳಲ್ಲಿ ಅವರು ಹೋದರು. ಬೆಳಿಗ್ಗೆ ಅವರ ತಮ್ಮ ಫೋನ್ ಮಾಡಿದಾಗ ಎತ್ತಿದ್ದು ಮಹೇಶ. ವಿಷಯ ಹೇಳಿ ನನ್ನ ಮುಖ ನೋಡಿದ. ಆಗಲೂ ನನಗೆ ಅಳು ಬರಲಿಲ್ಲ. ಹೂಂ ಅಂದೆ. ಆಮೇಲೆ ಮಗುವಿನ ಹೆಸರು ಹೇಳಿದೆ.

ಅವನು ಫೋನನ್ನು ಕೆಳಗಿಟ್ಟು ನನ್ನ ಪಕ್ಕ ಕೂತ. ಆ ಹೆಸರನ್ನು ತಾನೂ ಮೆಲ್ಲಗೆ ಒಂದು ಸಲ ಹೇಳಿದ.