ಚಟಪಟ ಎನ್ನದ ಬತ್ತಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ವಿಮಾನದ ಎಂಜಿನ್ನಿಗೆ ಕಡಿಮೆ ಹೊಗೆಯ ಇಂಧನ ಹುಡುಕುತ್ತಿದ್ದೆ. ವಿಮಾನಕ್ಕೆ ಹಾಕುವುದು ಒಂದು ಬಗೆಯ ಸೀಮೆಎಣ್ಣೆಯನ್ನೇ. ಅದಕ್ಕೆ ಒಂದಿಷ್ಟು ಕೊಬ್ಬರಿ ಎಣ್ಣೆ ಬೆರೆಸೋಣ ಎಂದು ನನಗೆ ಹೊಳೆದದ್ದರಲ್ಲಿ ಜಾಣತನವೇನಿಲ್ಲ. ತಿಪಟೂರು ಸೀಮೆಯವಳಿಗೆ ಬೇರೇನು ಹೊಳೆದೀತು? ಮೇಲಧಿಕಾರಿ ನಕ್ಕರು. ಆದರೂ ಮೂರು ಪರೀಕ್ಷೆಗೆ ಒಪ್ಪಿದರು.

ಎಣ್ಣೆ ಕೊಟ್ಟವಳು ಮಾಯಸಂದ್ರದ ಹತ್ತಿರದ ಹಳ್ಳಿಯ ನನ್ನ ದೊಡ್ಡಮ್ಮ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಎಂದದ್ದನ್ನಷ್ಟೇ ಒಡೆದು, ಗಾಣಕ್ಕೆ ಹಾಕಿಸಿ ಕ್ಯಾನು ತುಂಬಿಸಿದ್ದಳು. ಎಣ್ಣೆಯನ್ನು ಕಾಯಿಸಲು ಹೊರಟವಳನ್ನು ನಾನೇ ತಡೆದೆ.

"ಬೇಡ ದೊಡ್ಡಮ್ಮ, ಶುದ್ಧವಾಗಿರಬೇಕು."

ಮೊದಲ ಪರೀಕ್ಷೆಯಲ್ಲಿ ಜ್ವಾಲೆ ಚಟಪಟ ಎಂದು ಆರಿತು. ಇಂಧನ ಚಿಮ್ಮಿಸುವ ನಳಿಕೆ ಬದಲಿಸಿದೆ, ಜೊತೆಯವರ ಮೇಲೆ ವಿನಾಕಾರಣ ಸಿಡುಕಿದೆ. ಎರಡನೆಯ ಸಲವೂ ಆರಿತು. ಇನ್ನೊಮ್ಮೆ ಹೀಗಾದರೆ ಕೆಲಸ ನಿಲ್ಲಿಸುವುದೆಂದು ಮೇಲಧಿಕಾರಿ ಹೇಳಿದ ಮೇಲೆ, ಹೊಸ ಎಣ್ಣೆ ತರಲು ಬಸ್ಸು ಹತ್ತಿದೆ.

"ಚಟಪಟ ಅಂತಾ? ನೀರೈತೆ ಕಣೇ," ಎಂದಳು ದೊಡ್ಡಮ್ಮ. "ಗಾಣದಾಗೆ ನೀರು ಚಿಮುಕುಸ್ತಾರೆ. ಅದ್ಕೇ ಕಾಯ್ಸಾದು. ನೀನು ಬ್ಯಾಡ ಅಂದೆ, ಓದಿರೋಳು ಅಂತ ಸುಮ್ಕಾದೆ."

ನೀರಿನಂಶ ಅಳೆಯುವ ಉಪಕರಣ ನಮ್ಮಲ್ಲೇ ಇತ್ತು. ಮನೆಯ ಎಣ್ಣೆಗೆ ಅದೇಕೆ ಎಂದು ಬಿಟ್ಟಿದ್ದೆ. ನಾಚಿಕೆಯಾಯಿತು. ಅವಳು ಎಣ್ಣೆ ಕಾಯಿಸಿ, ಆರಿಸಿ, ಒಂದು ಬತ್ತಿ ಅದ್ದಿ ಹಚ್ಚಿದಳು. ಸದ್ದಿಲ್ಲದೆ ಉರಿಯಿತು. ದೇವರ ದೀಪ ಹಚ್ಚುವಾಗ ಅವಳು ದಿನವೂ ನೋಡುತ್ತಿದ್ದದ್ದು ಅಷ್ಟೇ, ಬತ್ತಿ ಚಟಪಟ ಎನ್ನಬಾರದು.

ಮೂರನೆಯ ಪರೀಕ್ಷೆಯಲ್ಲಿ ಜ್ವಾಲೆ ಅಲುಗದೆ ನಿಂತಿತು. ಹೊಗೆ ಅಳೆಯಲು ಹಿಡಿದ ಸೋಸುಕಾಗದದ ಮೇಲಿನ ಮಸಿಯೂ ತೆಳುವಾಗಿತ್ತು. ಆ ಎಣ್ಣೆಯಿಂದ ಯಾವ ವಿಮಾನವೂ ಹಾರಲಿಲ್ಲ, ನಿಜ. ಆದರೆ ನಾನು ಈ ಕೆಲಸದಲ್ಲಿ ಉಳಿದದ್ದು ಅವಳಿಂದ. ಅದನ್ನು ಹೇಳಲೆಂದೇ ಊರಿಗೆ ಹೋದೆ.

ಅವಳು ಒಲೆಯ ಮುಂದಿದ್ದಳು. ಮೇಲಿನ ಅಟ್ಟದ ಕಾಯಿಗೆ ಹೊಗೆ ತಾಗಬೇಕೆಂದು ನಮ್ಮ ಕಡೆ ಅಡಿಗೆಮನೆಗಳಿಗೆ ಹೊಗೆಗೂಡು ಇಡುತ್ತಿರಲಿಲ್ಲ.

"ಹೊಗೆ ಕಮ್ಮಿ ಆಯ್ತಾ?" ಎಂದು ಕೆಮ್ಮುತ್ತಲೇ ಕೇಳಿದಳು.

"ಆಯ್ತು, ನಿನ್ನಿಂದ."

"ಒಳ್ಳೇದಾಯ್ತು ಬುಡು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಕೆಮ್ಮನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೆ. ಮುಂದಿನ ಭಾನುವಾರ ಅಳತೆಪಟ್ಟಿ ಹಿಡಿದು ಅವಳ ಅಡಿಗೆಮನೆಗೆ ಹೋದೆ.