ಲಗ್ನಪತ್ರಿಕೆಗೆ ಹೊಸ ನೀಲಿ ಶಾಯಿ

ನೀಲಿ ಎಂಬ ಹೆಸರಿಗೇ ಅವಮಾನ ಮಾಡಿದ ಶಾಯಿ ಅದು. ರಾಣೇಬೆನ್ನೂರಿನ ಅಂಗಡಿಯಲ್ಲಿ ನಾನು ಕೇಳಿದ್ದು ಯಾವತ್ತಿನ ಕಪ್ಪುನೀಲಿ. ಅದೀಗ ಬರುವುದಿಲ್ಲ, ಇಂಕ್ ಪೆನ್ನು ಹಿಡಿಯುವವರೇ ಉಳಿದಿಲ್ಲ ಎನ್ನುತ್ತ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗೂಡಿನಿಂದ ಹೊಸದೊಂದು ಬಾಟಲಿ ಇಳಿಸಿದ. ಅತ್ತರಿನ ಶೀಸೆಯ ಹಾಗೆ ಸೊಂಟ ಓರೆ ಮಾಡಿಕೊಂಡು ಕೂತಿತ್ತು. ಒಳ್ಳೆಯ ಶಾಯಿ ಹೀಗೆ ವೈಯಾರ ಮಾಡುವುದಿಲ್ಲ ಅಂತ ಅಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ, ತಗೊಂಡೆ.

ಬ್ಯಾಡಗಿಗೆ ಬಂದವನೇ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಬರೆದು ನೋಡಿದೆ. ನನಗೆ ಅಕ್ಷರ ಕಲಿಸಿದ ಅಜ್ಜನದೊಂದು ಪರೀಕ್ಷೆಯಿತ್ತು: ಒಂದು ಸಾಲು ಬರೆಯಬೇಕು, ಹತ್ತು ಎಣಿಸಬೇಕು, ಹೆಬ್ಬೆರಳಿಂದ ಒರೆಸಬೇಕು. ಬೆರಳಿಗೆ ಹತ್ತಲಿಲ್ಲ. ಬಣ್ಣ ತೊಳೆದ ಆಕಾಶದಂತಿದೆ ಎಂದುಕೊಂಡೆ. ತೊಳೆಯುವ ಮಾತು ನನ್ನ ತಲೆಗೇ ಬಂದಿತ್ತು, ಆದರೂ ಬುದ್ಧಿ ಬರಲಿಲ್ಲ.

ಇಷ್ಟು ತರಾತುರಿ ಅಕ್ಕನ ಮಗಳ ಲಗ್ನಪತ್ರಿಕೆಗಾಗಿ. ಛಾಪಿಸಿದ ಪತ್ರಿಕೆ ಊರವರಿಗೆ. ಅದಕ್ಕೂ ಮೊದಲು ಎರಡೂ ಕಡೆಯ ಹಿರಿಯರು ಕಂಬಳಿಯ ಮೇಲೆ ಕೂತು ಕೈಯಿಂದ ಬರೆಸುವುದು ದೇವರಿಗೆ. ಬರೆದಾದ ಮೇಲೆ ಅರಿಷಿಣ-ಕುಂಕುಮ ಹಚ್ಚಿ ಗಂಡಿನವರಿಗೆ ಕೊಟ್ಟರೆ ಮಾತು ಗಟ್ಟಿ. ಅದನ್ನು ಮತ್ತೊಮ್ಮೆ ಬರೆಯುವಂತಿಲ್ಲ. ಎರಡು ಸಲ ಬರೆದರೆ ಎರಡು ಲಗ್ನವಾಗುತ್ತದೆಂದು ಎರಡೂ ಮನೆಯವರ ನಂಬಿಕೆ. ಹುಡುಗಿಗೆ ಹಿಂದೊಂದು ಸಂಬಂಧ ಇದೇ ಕಂಬಳಿಯ ತನಕ ಬಂದು, ಚಹಾ ಮೊದಲು ಯಾರಿಗೆ ಕೊಟ್ಟಿರಿ ಎಂಬ ಜಗಳದಲ್ಲಿ ಎದ್ದುಹೋಗಿತ್ತು. ಇದೂ ಹೋದರೆ ಅಕ್ಕ ತಡಕೊಳ್ಳುವ ಹಾಗಿರಲಿಲ್ಲ. ಹುಡುಗಿಗಂತೂ ಈ ಹುಡುಗ ಮನಸ್ಸಿಗೆ ಬಂದಿದ್ದ. ಅದನ್ನು ಬಾಯಿಬಿಟ್ಟು ಹೇಳಿದ್ದು ಮಾವನಾದ ನನಗೊಬ್ಬನಿಗೆ.

ಬೀಗರು ಹಾವೇರಿಯಿಂದ ಬಂದರು. ಹುಡುಗನ ದೊಡ್ಡಪ್ಪನದೇ ಮುಂದಾಳತ್ವ. ಮೆಣಸಿನಕಾಯಿ ಹಂಗಾಮಿನ ನಮ್ಮೂರ ಗಾಳಿಗೆ ಸೀನುತ್ತ ಒಳಗೆ ಬಂದ ಆ ಮನುಷ್ಯ ಗಾಳಿಗೊಂದು, ಕಂಬಳಿಗೊಂದು, ಚಹಾಕ್ಕೊಂದು ಕೊರತೆ ಹೇಳಿದ. ನನ್ನ ಪೆನ್ನು ನೋಡಿ, ಹಾವೇರಿಯಲ್ಲಾಗಿದ್ದರೆ ಕಂಪ್ಯೂಟರಿನಲ್ಲೇ ಹೊಡೆಸುತ್ತಿದ್ದೆವು ಎಂದ. ಇಂಥವರಿಗೆ ಅಕ್ಷರವೆಂದರೆ ಅಂಗಡಿಯ ಬೋರ್ಡು, ದೊಡ್ಡದಿದ್ದರೆ ಚೆಂದ. ನಾನು ತಲೆ ಎತ್ತದೆ ಬರೆದು ಮುಗಿಸಿದೆ. ಅಜ್ಜ ಇದ್ದಿದ್ದರೆ ಅವನೂ ತಲೆದೂಗುತ್ತಿದ್ದ, ಅಷ್ಟು ಚೆಂದ ಬಂದಿತ್ತು.

ಹುಡುಗನ ತಾಯಿ ಅರಿಷಿಣ ಹಚ್ಚಲು ಮುಂದೆ ಬಂದರು. ಉದಾರ ಕೈ, ಕಲಸಿದ ಅರಿಷಿಣವೂ ನೀರು ನೀರು. ಮೂಲೆಗೆ ಹಚ್ಚಿದ್ದು ಹರಿದು ನಡುವಿಗೆ ಬಂತು. ಅದು ಮುಟ್ಟಿದ್ದೇ ತಡ, ನನ್ನ ಶಾಯಿ ಕೈಕಾಲು ಬಿಟ್ಟಿತು. ನೀಲಿಗೆ ಅರಿಷಿಣ ಕೂಡಿ ಕೆರೆಯ ಪಾಚಿಯಂತಾಯಿತು. ಮುಹೂರ್ತದ ಸಾಲು ಮತ್ತು ಹುಡುಗಿಯ ಹೆಸರು ಮಸುಕಾದವು. ಅಜ್ಜನ ಪರೀಕ್ಷೆ ಅಜ್ಜನ ಕಾಲದ ಶಾಯಿಗೆ. ಅರಿಷಿಣದ ನೀರು ಬೀಳಲಿರುವ ಕಾಗದಕ್ಕೆ ಒಣ ಹೆಬ್ಬೆರಳಿನ ಪರೀಕ್ಷೆ ಮಾಡಿ ಪಂಡಿತನಾಗಿದ್ದ ನನ್ನಂಥ ದಡ್ಡ ಮೂರೂ ಊರಲ್ಲಿ ಸಿಗಲಾರ.

ದೊಡ್ಡಪ್ಪನ ಸೀನು ನಿಂತಿತು. "ಇದ್ಯಾಕೋ ಸರಿ ಅನಸವಲ್ದು ನೋಡ್ರಿ. ಬರದದ್ದು ನಮ್ಮ ಕಣ್ಣ ಮುಂದ ಅಳಿಸಿ ಹೋತು ಅಂದ್ರ ಏನು ತಿಳಕೋಬೇಕು?"

ಬೇರೆ ಬರೆಯೋಣ ಎನ್ನುವಂತಿರಲಿಲ್ಲ. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹುಡುಗನ ತಾಯಿ ಒದ್ದೆ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

ಆಗ ಒಳಗಿನಿಂದ ಅಕ್ಕನ ಮಗಳೇ ಬಂದಳು. ಆ ಹೊತ್ತಿಗೆ ಹುಡುಗಿ ಕಂಬಳಿಯ ಹತ್ತಿರ ಬರುವ ಪದ್ಧತಿಯಿಲ್ಲ. ನನಗೆ ಸ್ವಲ್ಪ ಸರಿಯಲು ಹೇಳಿ, ಸೆರಗಿನಿಂದ ಗಾಳಿ ಹಾಕಿ ಕಾಗದ ಒಣಗಿಸಿದಳು. ಕೈಯಲ್ಲಿ ಬಾಲ್‌ಪೆನ್ನು. ನಾನು ಜನ್ಮವಿಡೀ ಹೀಗಳೆದ ವಸ್ತು. ಆಕೆ ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದಳು.

"ತಿರುಗಿ ಬರಿಯಾಕತ್ತಿಲ್ರಿ," ಎಂದಳು ಯಾರ ಮುಖವನ್ನೂ ನೋಡದೆ. "ಇದ್ದ ಅಕ್ಷರದ ಮ್ಯಾಲೆ ತಿದ್ದಾಕತ್ತೇನಿ. ನಮ್ಮ ಸಾಲ್ಯಾಗ ಹುಡುಗ್ರು ದಿನಾ ಹಿಂಗ ತಿದ್ದತಾವ."

ಮದುಮಗಳು ತನ್ನ ಪತ್ರಿಕೆಗೆ ತಾನೇ ಕೈ ಹಚ್ಚುವುದನ್ನು ಎಲ್ಲೂ ಕಂಡಿಲ್ಲವೆಂದು ದೊಡ್ಡಪ್ಪ ಶುರುಮಾಡಿದ. ಹುಡುಗನ ತಾಯಿ ಸೆರಗಿನಿಂದ ಕೈ ಹೊರಗೆ ತೆಗೆದರು.

"ಅರಿಷಿಣ ಹಚ್ಚಿದಾಕಿ ನಾನರಿ, ಭಾವಾರ. ಅಳಿಸಿದ್ದು ನನ್ನ ಕೈ. ಆಕಿ ತಿದ್ದಲಿ, ಸುಮ್ಮನ ಕುಂದರ್ರಿ."

ಹುಡುಗಿ ಒಂದೊಂದೇ ಅಕ್ಷರ ತಿದ್ದಿದಳು. ಮುಹೂರ್ತದ ಗಳಿಗೆ ಕಾಣದೆ ನನ್ನ ಕಡೆ ನೋಡಿದಾಗ ಮೆಲ್ಲಗೆ ಹೇಳಿಕೊಟ್ಟೆ. ತನ್ನ ಹೆಸರಿಗೆ ಬಂದಾಗ ಯಾರನ್ನೂ ಕೇಳಲಿಲ್ಲ. ನನ್ನ ಬಾಗು-ಬಳುಕುಗಳ ಮೇಲೆ ಆಕೆಯ ಸಪಾಟು ಗೆರೆಗಳು ಕೂತವು. ನೋಡಲು ಚೆಂದವಿರಲಿಲ್ಲ, ಆದರೆ ಓದಲು ಬರುತ್ತಿತ್ತು. ಪತ್ರಿಕೆಯನ್ನು ದೊಡ್ಡಪ್ಪನ ಕೈಗೇ ಕೊಟ್ಟು, ನೀವೇ ಓದಿರಿ ಎಂದೆ. ಬೇರೆ ದಾರಿಯಿಲ್ಲದೆ ಓದಿದ, ಎಲ್ಲೂ ತಡವರಿಸಲಿಲ್ಲ. ಕೊನೆಯ ಸಾಲು ಮುಗಿಯುತ್ತಲೇ ಹುಡುಗನ ತಾಯಿ ಆತನ ಕೈಯಿಂದ ಕಾಗದ ತಗೊಂಡು, ನಾಲ್ಕು ಮಡಿಕೆ ಮಾಡಿ ಉಡಿಯಲ್ಲಿ ಇಟ್ಟುಕೊಂಡರು.