ಕಡೆಯ ಬಸ್ಸಿನ ಜಲಜಕ್ಕ

ಪಾಣೆಮಂಗಳೂರಿನಲ್ಲಿ ಬರೀ ಜಲಜಾಕ್ಷಿ ಎಂದು ವಿಚಾರಿಸಿದರೆ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ‘ಕಡೆಯ ಬಸ್ಸಿನ ಜಲಜಕ್ಕ’ ಎನ್ನಬೇಕು, ಆಗ ಚಿಕ್ಕ ಮಕ್ಕಳೂ ಮನೆ ತೋರಿಸುತ್ತಿದ್ದರು. ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ಕತ್ತಲಾಗುವುದರೊಳಗೆ ಅವಳು ಮನೆ ಸೇರಲೇಬೇಕು. ಮೂಡುಬಿದಿರೆಯಲ್ಲಿ ಸ್ವಂತ ತಮ್ಮನ ಮದುವೆಯ ದಿನ ಮದುಮಗಳು ಮನೆಯೊಳಗೆ ಕಾಲಿಡುವ ಮೊದಲೇ ಬಸ್ಸಿಗೆ ಓಡಿದವಳು ಎಂದು ನೆಂಟರು ಎಷ್ಟೋ ವರ್ಷ ಆಡಿಕೊಂಡರು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಅವಳ ಕುತ್ತಿಗೆಗೆ ಕಟ್ಟಿದ ಹಗ್ಗ ಎಷ್ಟು ಉದ್ದದ್ದು ಎಂದು ಅವರಿಗೇನು ಗೊತ್ತು?

ಹಗ್ಗ ಎಂದರೆ ಒಂದು ಕಾಗದ. ಅವಳ ಗಂಡ ಸಂಕಪ್ಪ ದೋಣಿಗಳಲ್ಲಿ ಹಂಚು ಸಾಗಿಸಿ, ಸ್ವಂತ ದುಡಿಮೆಯಿಂದ ಹೊಳೆಬದಿಯಲ್ಲಿ ಒಂದು ಮನೆ ಕಟ್ಟಿಸಿದ್ದ. ಅಳಿಯಸಂತಾನದ ಕುಟುಂಬ. ಗಂಡಸು ಸತ್ತರೆ ಅವನ ಸೊತ್ತು ಅಕ್ಕನ ಮಕ್ಕಳಿಗೆ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತಾಯಿಮನೆಯ ದಾರಿ ಹಿಡಿಯಬೇಕು. ಮೂವತ್ತನಾಲ್ಕನೇ ಇಸವಿಯಲ್ಲಿ ಸಂಕಪ್ಪ ಜ್ವರದಲ್ಲಿ ತೀರಿಕೊಂಡಾಗ ಜಲಜಾಕ್ಷಿ ಎರಡು ವರ್ಷದ ಮಗಳು ಕಾಂತಿಯನ್ನು ಎತ್ತಿಕೊಂಡು ಹೊರಡಲು ಗಂಟು ಕಟ್ಟಿಯೂ ಆಗಿತ್ತು. ಆದರೆ ಉತ್ತರಕ್ರಿಯೆಯ ಊಟ ಮುಗಿದ ಮೇಲೆ, ಸಂಕಪ್ಪನ ಅಕ್ಕನ ಮಗ ಭೋಜ ಜಗಲಿಯಲ್ಲಿ ಹತ್ತು ಜನರೆದುರು ಮಾವನ ಮರಣಶಾಸನ ಬಿಚ್ಚಿದ. ಕನ್ನಡದಲ್ಲಿದ್ದುದನ್ನು ತುಳುವಿನಲ್ಲಿ ಹೇಳಿದ. ಹೆಂಡತಿ ಸಾಯುವ ತನಕ ಈ ಮನೆಯಲ್ಲಿ ಇರಬಹುದು, ಆದರೆ ಒಂದೇ ಒಂದು ರಾತ್ರಿ ಬೇರೆಡೆ ಮಲಗಿದರೂ ಅವಳ ಹಕ್ಕು ಹೋಯಿತು, ಮನೆ ಅಳಿಯ ಭೋಜನಿಗೆ.

ಅಕ್ಷರ ಬಾರದವರಿಗೆ ಓದಿ ಹೇಳುವವನೇ ದೇವರು. ಅವಳಿಗೆ ಸಂಶಯವೇ ಬರಲಿಲ್ಲ. ಬರುವುದಾದರೂ ಹೇಗೆ? ಗಂಡ ತನಗೆ ಮನೆ ಬಿಟ್ಟುಹೋದ ಎಂಬುದೇ ನಂಬಲಾಗದ ಸಂಗತಿ, ಅಷ್ಟು ಕೊಟ್ಟವನು ಒಂದು ಷರತ್ತು ಹಾಕಿದರೆ ಅದರಲ್ಲಿ ವಿಚಿತ್ರವೇನು? ಜಗಲಿಯಲ್ಲಿದ್ದವರೂ ‘ಪುಣ್ಯ ಮಾಡಿದ್ದೀ’ ಎಂದೇ ಹೇಳಿ ಎದ್ದುಹೋದರು. ಭೋಜ ಕಾಗದವನ್ನು ತನ್ನ ಪೆಟ್ಟಿಗೆಯೊಳಗಿಟ್ಟ. ಪಕ್ಕದ ಹಿತ್ತಿಲಿನ ಮನೆ ಅವನದು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು, ಅವಳ ಒಲೆಯಲ್ಲಿ ಹೊಗೆ ಬರುತ್ತಿದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದ.

ಕಾಂತಿ ದೊಡ್ಡವಳಾಗಿ ಕಕ್ಕಿಂಜೆಯಲ್ಲಿ ಚಾ ಹೋಟೆಲು ಇಟ್ಟಿದ್ದ ವೆಂಕಪ್ಪನ ಕೈಹಿಡಿದಳು. ಐವತ್ತೆರಡರಲ್ಲಿ ಚೊಚ್ಚಲ ಬಸುರಿ. ಹೆರಿಗೆಗೆ ತಾಯಿಮನೆಗೆ ಕರೆತರುವುದು ಕ್ರಮ. ಆದರೆ ಎಂಟನೇ ತಿಂಗಳಲ್ಲಿ ಕೈಕಾಲು ಬಾತು, ಬಸ್ಸಿನ ಕುಲುಕಾಟ ಕೂಡದೆಂದು ಡಾಕ್ಟರು ಹೇಳಿಬಿಟ್ಟರು. ಜಲಜಾಕ್ಷಿ ಹನ್ನೊಂದು ದಿನ ಬೆಳಿಗ್ಗೆ ಹೋಗಿ ಸಂಜೆ ಬಂದಳು. ಹನ್ನೆರಡನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಕಾಂತಿಗೆ ನೋವು ಶುರುವಾಯಿತು.

“ಇವತ್ತೊಂದು ರಾತ್ರಿ ಇರು ಅಮ್ಮ. ನನಗೆ ಹೆದರಿಕೆ ಆಗ್ತದೆ” ಎಂದು ಕಾಂತಿ ಅವಳ ಸೆರಗು ಹಿಡಿದಳು.

“ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೇನೆ ಮಗಾ. ಸೂಲಗಿತ್ತಿ ಇದ್ದಾಳಲ್ಲ. ಮನೆ ಹೋದ್ರೆ ನಿನ್ನ ಬಾಣಂತನ ಎಲ್ಲಿ ಮಾಡ್ಲಿ ನಾನು?”

ಸೆರಗನ್ನು ಮಗಳ ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡು ಜಲಜಾಕ್ಷಿ ಹೊರಟಳು. ಬೆಳಿಗ್ಗೆ ಬಂದಾಗ ವೆಂಕಪ್ಪ ಹೋಟೆಲಿನ ಬಾಗಿಲು ತೆಗೆದಿರಲಿಲ್ಲ. ಗಂಡು ಮಗು ಅಂತೆ, ಅಳಲೇ ಇಲ್ಲವಂತೆ.

ಎರಡು ವರ್ಷ ಕಾಂತಿ ತಾಯಿಯ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ, ಯಾರು ಬುದ್ಧಿ ಹೇಳಿದರೋ, ತಾನೇ ಬಸ್ಸು ಹತ್ತಿ ಬಂದು ತಾಯಿಯ ಮಗ್ಗುಲಲ್ಲಿ ಕುಳಿತಳು. “ಕಾಗದದಲ್ಲಿ ಹಾಗೆ ಬರೆದದ್ದಕ್ಕೆ ನೀನೇನು ಮಾಡ್ತಿ ಅಮ್ಮ” ಎಂದಳು. ಇಬ್ಬರೂ ಅತ್ತು ಹಗುರಾದರು. ಮುಂದಿನ ಎರಡು ಹೆರಿಗೆ ಪಾಣೆಮಂಗಳೂರಿನಲ್ಲೇ ಆದವು. ಆದರೆ ತಾಯಿ ಕಕ್ಕಿಂಜೆಗೆ ಹೋದಾಗ ಕಾಂತಿ ಒಮ್ಮೆಯೂ ಇರು ಎನ್ನಲಿಲ್ಲ. ಮೂರು ಗಂಟೆಯಾಯಿತೆಂದರೆ ತಾನೇ ಒಳಗಿನಿಂದ ತಾಯಿಯ ಕೊಡೆ ತಂದುಕೊಡುತ್ತಿದ್ದಳು.

ಐವತ್ತೆಂಟರಲ್ಲಿ ಭೋಜ ಸತ್ತ. ಜಲಜಾಕ್ಷಿ ಮಾತ್ರ ಕಡೆಯ ಬಸ್ಸು ಬಿಡಲಿಲ್ಲ. ಸತ್ತದ್ದು ಭೋಜ, ಕಾಗದವಲ್ಲವಲ್ಲ.

ಅರವತ್ತೊಂದರ ಮಳೆ ಬಿಟ್ಟ ಮೇಲೆ ಬಂಟ್ವಾಳದ ದಸ್ತಾವೇಜು ಬರಹಗಾರ ಶೀನಪ್ಪ ಬೆವರು ಒರೆಸುತ್ತಾ ಅವಳ ಮನೆಗೆ ಬಂದ. ಮೂಡುಬಿದಿರೆಯ ಒಂದು ದೊಡ್ಡ ಕುಟುಂಬದ ಪಾಲುಪಟ್ಟಿಯ ದಾವೆಗೆ ಅವನು ವಂಶವೃಕ್ಷ ಮಾಡಿಕೊಡುತ್ತಿದ್ದ. ಬ್ರಿಟಿಷರ ಕಾಲದ ಮರಣಶಾಸನಗಳ ಪಟ್ಟಿಯನ್ನು ರಿಜಿಸ್ಟ್ರಾರರ ಕಚೇರಿಯಲ್ಲಿ ವಾರಗಟ್ಟಲೆ ಹುಡುಕಿಸಿದ್ದ. ಜಲಜಕ್ಕನ ರಾತ್ರಿಯ ಷರತ್ತನ್ನು ಊರವರ ಬಾಯಲ್ಲಿ ಕೇಳಿದ್ದವನು, ಅದರಲ್ಲಿ ಸಂಕಪ್ಪನ ಹೆಸರು ಕಂಡು, ತನ್ನ ಕೈಯಿಂದಲೇ ದುಡ್ಡು ಕಟ್ಟಿ ನಕಲು ತೆಗೆಸಿದ್ದ. ಒಳ್ಳೆಯ ಮನುಷ್ಯ, ಒಳ್ಳೆಯದನ್ನೇ ಮಾಡಲು ಬಂದವನು.

“ಕೂತ್ಕೊಳ್ಳಿ ಜಲಜಕ್ಕ, ಒಳ್ಳೆ ಸುದ್ದಿ ಉಂಟು” ಎಂದು ಓದತೊಡಗಿದ. ಸದರಿ ಮನೆಯನ್ನು ನನ್ನ ಹೆಂಡತಿ ಜಲಜಾಕ್ಷಿಯು ದಾನ ವಿಕ್ರಯ ಮೊದಲಾದ ಸರ್ವ ಹಕ್ಕುಗಳೊಂದಿಗೆ ತನ್ನ ಇಚ್ಛೆಯಂತೆ ಅನುಭವಿಸತಕ್ಕದ್ದು, ನನ್ನ ಅಳಿಯ ಭೋಜನು ಅವಳಿಗೆ ಬೇಕಾದ ಸಹಾಯ ಮಾಡತಕ್ಕದ್ದು. ಅಷ್ಟೇ.

“ರಾತ್ರಿಯದ್ದು ಎಲ್ಲುಂಟು?” ಎಂದು ಕೇಳಿದಳು ಅವಳು.

“ಇಲ್ಲ ಅಕ್ಕ. ಅದು ಭೋಜಣ್ಣ ಬಾಯಿಂದ ಸೇರಿಸಿದ್ದು. ನೀವು ಎಲ್ಲಿಯಾದ್ರೂ ಒಂದು ರಾತ್ರಿ ಉಳೀಲಿ ಅಂತ ಕಾದದ್ದು.”

“ಹಿಂದಿನ ಪುಟದಲ್ಲಿ ಇರಬಹುದು. ನೋಡಿ ಶೀನಪ್ಪಣ್ಣ.”

“ಹಿಂದೆ ಮೊಹರು ಮಾತ್ರ.”

“ಇನ್ನೊಂದು ಸಲ ನೋಡಿ.”

ಅವಳ ಸ್ವರ ಕೇಳಿ ಶೀನಪ್ಪ ತಲೆಯೆತ್ತಿದ. ಆ ಷರತ್ತು ಎಲ್ಲಿಯಾದರೂ ಒಂದು ಮೂಲೆಯಲ್ಲಿ ಸಿಗಲಿ ಎಂದು ಅವಳು ದೇವರಲ್ಲಿ ಬೇಡುತ್ತಿದ್ದಳು. ಅವಳಿಗೆ ಸಂತೋಷಕ್ಕೆ ನಂಬಿಕೆಯೇ ಬರುತ್ತಿಲ್ಲ ಎಂದುಕೊಂಡ ಆ ಪುಣ್ಯಾತ್ಮ, ಸಮಾಧಾನ ಹೇಳಿದ. “ಈ ನಕಲು ಕಳೆದುಹೋದ್ರೂ ಹೆದರ್ಬೇಡಿ. ಪುಸ್ತಕ ಕಚೇರಿಯಲ್ಲೇ ಉಂಟು. ಯಾರು ಅರ್ಜಿ ಹಾಕಿದ್ರೂ ಕೊಡ್ತಾರೆ, ನಿಮ್ಮ ಮಗಳಿಗೂ.”

ಮೂರು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಭೋಜನಿಗೆ ಬಾಯಿಗೆ ಬಂದಂತೆ ಬೈದಳು. ಸತ್ತವನಿಗೆ ಬೈದು ಏನು ಬಂತು? ಕಾಂತಿಯ ಆ ಹೆರಿಗೆಯ ತನಕ ಹದಿನೆಂಟು ವರ್ಷ, ಊರಲ್ಲಿ ಕನ್ನಡ ಓದಬಲ್ಲ ಬೇರೆಯವರಿದ್ದೂ, ಅದನ್ನೊಮ್ಮೆ ತಾ, ನೋಡುವ ಎಂದು ತಾನು ಭೋಜನನ್ನು ಕೇಳಲಿಲ್ಲವಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದು. ಕೇಳಿದ್ದರೆ ಆ ದಿನ ಸೆರಗು ಬಿಡಿಸಿಕೊಳ್ಳಬೇಕಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಎದ್ದು, ಮಗಳಿಗೆ ಎಲ್ಲ ಹೇಳಿಬಿಡುವುದು, ಇವತ್ತು ಅಲ್ಲೇ ಉಳಿಯುವುದು ಎಂದು ಗಟ್ಟಿ ಮಾಡಿಕೊಂಡಳು. ಚೀಲದಲ್ಲಿ ನಕಲು, ಅದರ ಮೇಲೆ ಒಂದು ಸೀರೆ. ಗಂಡ ಸತ್ತ ಮೇಲೆ ಹೊರಗೆ ಹೋಗುವಾಗ ಎರಡನೇ ಸೀರೆ ಇಟ್ಟುಕೊಂಡದ್ದು ಅದೇ ಮೊದಲು.

“ಏನು ಜಲಜಕ್ಕ, ಚೀಲ ದಪ್ಪ ಉಂಟು ಇವತ್ತು? ಸಂಜೆಗೆ ಸೀಟು ಹಿಡಿಯುದಾ ಬೇಡ್ವಾ?” ಎಂದು ಕಂಡಕ್ಟರ್ ಉಮ್ಮರ್ ಪುಂಜಾಲಕಟ್ಟೆಯಲ್ಲಿ ತಮಾಷೆ ಮಾಡಿದ. ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಕಕ್ಕಿಂಜೆಯಲ್ಲಿ ಕಾಂತಿ ಬಂಗುಡೆ ಮೀನಿನ ಸಾರು ಮಾಡಿ ಬಡಿಸಿದಳು. ಮಕ್ಕಳು ಶಾಲೆಗೆ ಹೋಗಿದ್ದವು. ಜಲಜಾಕ್ಷಿ ಮಾತು ತೆಗೆಯಲು ಹೋದಾಗಲೆಲ್ಲ ಮತ್ತೆ ಮೀನಿನ ಮುಳ್ಳು ಬಿಡಿಸತೊಡಗಿದಳು. ಅಷ್ಟರಲ್ಲಿ ಮೂರು ಗಂಟೆಯಾಯಿತು, ಕಾಂತಿ ಕೊಡೆ ತಂದಳು.

“ಕಾಂತಿ, ನಾನಿವತ್ತು...”

“ಏನು? ಇರ್ತೇನೆ ಅಂತ ಮಾತ್ರ ಹೇಳ್ಬೇಡ ಅಮ್ಮ” ಎಂದಳು ಕಾಂತಿ. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. “ಆ ಕಾಗದ ಇಲ್ಲದಿದ್ರೆ ನೀನು ಅವತ್ತು ನನ್ನನ್ನು ಬಿಟ್ಟು ಹೋಗ್ತಿರ್ಲಿಲ್ಲ ಅಂತ ನನಗೆ ಗೊತ್ತುಂಟು. ಅದೊಂದನ್ನು ಹಿಡ್ಕೊಂಡೇ ನಾನು ಇಷ್ಟು ವರ್ಷ ನಿನ್ನ ಮುಖ ನೋಡಿದ್ದು.”

ಜಲಜಾಕ್ಷಿ ಕೊಡೆ ತೆಗೆದುಕೊಂಡಳು. ಉಮ್ಮರ್ ಸೀಟು ಹಿಡಿದಿದ್ದ. ದೀಪ ಹಚ್ಚುವ ಹೊತ್ತಿಗೆ ಅವಳು ತನ್ನ ಮನೆಯಲ್ಲಿದ್ದಳು. ಬಿಚ್ಚದ ಸೀರೆಯನ್ನು ಪೆಟ್ಟಿಗೆಗೆ ಹಾಕಿ, ನಕಲನ್ನು ಒಲೆಗೆ ಹಾಕಿದಳು.

ಮರುದಿನ ನಡೆದುಕೊಂಡೇ ಬಂಟ್ವಾಳಕ್ಕೆ ಹೋಗಿ ಶೀನಪ್ಪನ ಮೇಜಿನ ಎದುರು ನಿಂತಳು.

“ಶೀನಪ್ಪಣ್ಣ, ಆ ಕಚೇರಿಯ ಪುಸ್ತಕಗಳಿಗೆ ಗೆದ್ದಲು ಹಿಡಿಯುವುದುಂಟಾ?”

“ಛೆ, ಛೆ, ನೀವು ಅದಕ್ಕೆಲ್ಲ ಹೆದರ್ಬೇಡಿ ಜಲಜಕ್ಕ” ಎಂದ ಅವನು, ಅವಳಿಗೆ ಧೈರ್ಯ ಬರಲಿ ಎಂದು. “ವರ್ಷ ವರ್ಷ ಮದ್ದು ಹಾಕ್ತಾರೆ. ನಾವೆಲ್ಲ ಸತ್ತ ಮೇಲೂ ಅದು ಇರ್ತದೆ.”